ಬೈಯೋಷ್ಟು ಸ್ಪ್ಯಾನಿಷ್

ಎಲ್ ಆಲ್ತೊ ನಗರದ ಸಮಸ್ತ ಪ್ರಜೆಗಳಿಗೆ ಪೊಲೀಸರು ಅತ್ಯಂತ ಗಾಂಭೀರ್ಯದಿಂದ ತಿಳಿಯಪಡಿಸಿದ್ದೇನೆಂದರೆ: ಠಾಣೆಯ ಎದುರಿನ ಹೊಸ ಕಾರಂಜಿಯ ಸುತ್ತಮುತ್ತ ಇನ್ನು ಮುಂದೆ ಯಾರೂ ಏನನ್ನೂ ಕರಿಯತಕ್ಕದ್ದಲ್ಲ, ಕುದಿಸತಕ್ಕದ್ದಲ್ಲ. ಕಾರಂಜಿಗೆ ಇನ್ನೂ ನೀರು ಬಂದಿರಲಿಲ್ಲ. ಆದರೆ ಉದ್ಘಾಟನೆಗೆ ನಾಳೆ ಮಂತ್ರಿ ಬರುವವರಿದ್ದರು.

ಆ ಮೂಲೆಯಲ್ಲಿ ನೇರಳೆ ಜೋಳದ ಗಂಜಿ ಕುದಿಸುತ್ತ, ಚೀಸ್ ತುಂಬಿದ ಪೂರಿ ಕರಿಯುತ್ತ ಕೂರುವವಳು ಬಸೀಲಿಯಾ. ಅವಳಿಗಿಂತ ಮುಂಚೆ ಅವಳಮ್ಮ ಅಲ್ಲೇ ಕೂತಿದ್ದಳು. ಏಳು ಎಂದರೆ ಏಳುವ ಜಾಗವಲ್ಲ ಅದು. ಒಮ್ಮೆ ಎದ್ದರೆ ಮುಗಿಯಿತು, ಒಲೆ ಹೂಡಲು ಊರಲ್ಲಿ ಇನ್ನೊಂದು ಮೂಲೆ ಸಿಗುವುದಿಲ್ಲ.

ಕ್ಯಾಪ್ಟನ್ ಆಂತೆಲೊ ಬಂದು ಏಳು ಅಂದ. ಅವನು ಸೆಕೆಯ ಸಾಂತಾ ಕ್ರೂಸ್‌ನಿಂದ ವರ್ಗವಾಗಿ ಬಂದವನು. ಇಲ್ಲಿನ ಚಳಿಗೂ ಇಲ್ಲಿನ ಐಮಾರಾ ಭಾಷೆಗೂ ಸಮನಾಗಿ ನಡುಗುತ್ತಿದ್ದ. ಬಸೀಲಿಯಾ ಶುದ್ಧ ಸ್ಪ್ಯಾನಿಷ್‌ನಲ್ಲೇ ಅವನ ವಂಶವನ್ನೆಲ್ಲ ಜಾಲಾಡಿದಳು. ಅವನು ‘ಬಾಯಿ ಮುಚ್ಚು’ ಎನ್ನುತ್ತಲೇ ಠಾಣೆಯೊಳಕ್ಕೆ ನುಸುಳಿ, ಅವಳನ್ನು ಹಿಡಿಯಲು ಪೇದೆ ಫ್ಲೋರೆಂಸಿಯೊನನ್ನು ಕಳಿಸಿದ.

“ಬನ್ನಿ ಅಮ್ಮಾ, ನನ್ ಕೆಲ್ಸ ಹೋಗುತ್ತೆ,” ಅಂದ ಅವನು ಐಮಾರಾದಲ್ಲಿ.

“ಬರ್ತೀನಿ ತಡಿಯೋ. ಪೂರಿ ಸೀದೋಗ್ತದೆ, ಮೊದ್ಲು ತಿರುವಾಕು.”

ಪಕ್ಕದ ಆಲೂಗಡ್ಡೆಯವಳು ಅವಳ ಸ್ಟೂಲಿನ ಮೇಲೆ ಕೂತು ಜಾಗ ಹಿಡಿದಳು.

ಠಾಣೆಯಲ್ಲಿ ಕ್ಯಾಪ್ಟನ್‌ನ ಮಹಾಯೋಜನೆ ಸಿದ್ಧವಾಗಿತ್ತು. ‘ನಾನು ಸ್ವಂತ ಇಚ್ಛೆಯಿಂದ ಜಾಗ ಬಿಡುತ್ತೇನೆ’ ಎಂಬ ಕಾಗದಕ್ಕೆ ಅವಳ ಸಹಿ, ನಾಳೆ ಮಂತ್ರಿಯ ಪಕ್ಕ ಅವಳ ಫೋಟೊ, ನಾಡಿದ್ದು ತನಗೆ ಬಡ್ತಿ.

“ಬಾಯಿ ಬಿಡು! ಸಹಿ ಹಾಕ್ತೀಯೋ ಇಲ್ವೋ?”

“ಬೀದೀಲಿ ಬಾಯಿ ಮುಚ್ಚು ಅಂದ್ರಿ, ಇಲ್ಲಿ ಬಿಡು ಅಂತೀರಿ. ಯಾವ್ದಾದ್ರೂ ಒಂದ್ ಹೇಳಿ ಸಾಹೇಬ್ರೇ. ಮೊದ್ಲು ವಕೀಲ್ರನ್ನ ಕರ್ಸಿ.”

ಸರ್ಕಾರ ಪುಕ್ಕಟೆಯಾಗಿ ಕೊಡುವ ವಕೀಲೆ ಯೋಲಾಂಡಾ ಬಂದಳು. “ಬಾಯಿ ಮುಚ್ಕೊಂಡಿರೋದು ನಿಮ್ ಹಕ್ಕು, ಬಸೀಲಿಯಾ ಅಮ್ಮಾ. ಬಿಡೋದಾದ್ರೆ ನಿಮ್ ಭಾಷೇಲೇ ಬಿಡೋದೂ ನಿಮ್ ಹಕ್ಕು.”

ಬಸೀಲಿಯಾ ಟೋಪಿ ಸರಿಮಾಡಿಕೊಂಡಳು. ಐಮಾರಾ ಶುರುವಾಯಿತು.

“ಬೆಳಿಗ್ಗೆ ಸ್ಪ್ಯಾನಿಷ್‌ನಲ್ಲಿ ನಮ್ಮಪ್ಪನ್ನ ಬೈದ್ಯಲ್ಲ!” ಕ್ಯಾಪ್ಟನ್ ಕಿರುಚಿದ.

“ಬೈಯೋಷ್ಟು ಬರುತ್ತೆ. ಜೈಲಿಗೆ ಹೋಗೋಷ್ಟು ಬರಲ್ಲ.”

ಅದೇ ಅವಳ ಕೊನೆಯ ಸ್ಪ್ಯಾನಿಷ್. ದುಭಾಷಿ ಯಾರಾಗುತ್ತೀರಿ ಎಂದು ಕ್ಯಾಪ್ಟನ್ ಠಾಣೆಯಲ್ಲಿ ಕೇಳಿದ. ಅರ್ಧಕ್ಕರ್ಧ ಜನರಿಗೆ ಐಮಾರಾ ಬರುತ್ತಿತ್ತು. ಬರುತ್ತದೆ ಎಂದರೆ ಬಡ್ತಿ ಬರುವುದಿಲ್ಲ ಎಂದು ಎಲ್ಲರೂ ಬಲ್ಲರು. ಕೈ ಎತ್ತಿದವನು ಫ್ಲೋರೆಂಸಿಯೊ ಒಬ್ಬನೇ.

ಮರುದಿನ ಬೆಳಿಗ್ಗೆ ನ್ಯಾಯಾಧೀಶೆಯ ಮುಂದೆ ಅವನು ದುಭಾಷಿಯಾಗಿ ನಿಂತ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸು. ಸಹಿ ಸಿಗದಿದ್ದರೇನು, ತಪ್ಪು ಒಪ್ಪಿಸಿ ಒಳಗೆ ಹಾಕಿಸಿದರೆ ಮೂಲೆ ಖಾಲಿ ಎಂಬುದು ಕ್ಯಾಪ್ಟನ್‌ನ ಲೆಕ್ಕ.

ಯೋಲಾಂಡಾ ಎದ್ದಳು. “ಇವರನ್ನ ಹಿಡಿದದ್ದು ಯಾರು ಅಂತ ಕೇಳಿ, ಮೇಡಂ.”

“ನಾನೇ ಹಿಡಿದಿದ್ದು, ತಾಯಿ,” ಅಂದ ಫ್ಲೋರೆಂಸಿಯೊ.

“ಹಿಡಿದೋನೇ ದುಭಾಷಿ ಆಗೋ ಹಾಗಿಲ್ಲ,” ನ್ಯಾಯಾಧೀಶೆ ಕನ್ನಡಕ ತೆಗೆದರು. “ಹೋಗ್ಲಿ, ಹಿಡಿಯುವಾಗ ಈಯಮ್ಮನ ಹಕ್ಕುಗಳನ್ನ ಹೇಳಿದ್ಯಾ?”

“ಇಲ್ಲ ತಾಯಿ. ಪೂರಿ ತಿರುವಾಕ್ದೆ.”

“ಬೇರೆ ದುಭಾಷಿ ಇದ್ದಾರಾ, ಕ್ಯಾಪ್ಟನ್?”

ಕ್ಯಾಪ್ಟನ್ ಹಿಂತಿರುಗಿ ನೋಡಿದ. ಅವನದೇ ಠಾಣೆಯ ಹತ್ತಾರು ಐಮಾರಾ ಮುಖಗಳು ಸೂರು ನೋಡುತ್ತಿದ್ದವು.

“ಯಾಕೆ ಹಿಡಿದ್ರಿ, ಇವರ ಹಕ್ಕೇನು, ಇವರ ಭಾಷೇಲಿ ನಿನ್ನೆಯಿಂದ ಒಬ್ರೂ ಹೇಳಿಲ್ಲ. ಬಂಧನ ಅಸಿಂಧು. ಮನೆಗೆ ಕಳಿಸಿ.”

ಬಸೀಲಿಯಾ ಮನೆಗೆ ಹೋಗಲಿಲ್ಲ. ಸೀದಾ ಮೂಲೆಗೆ ಬಂದು, ಆಲೂಗಡ್ಡೆಯವಳನ್ನು ಎಬ್ಬಿಸಿ, ಒಲೆ ಹಚ್ಚಿದಳು. ದೂರದಲ್ಲಿ ಮಂತ್ರಿಯ ಕಾರಿನ ಸೈರನ್ ಕೇಳಿಸಿತು.

“ಮತ್ತೆ ಹಿಡಿಸ್ತೀನಿ!” ಕ್ಯಾಪ್ಟನ್ ಏದುಸಿರು ಬಿಡುತ್ತ ಓಡಿ ಬಂದ.

ಅವಳು ಸೌಟು ಎತ್ತಿಹಿಡಿದು ಐಮಾರಾದಲ್ಲಿ ಉದ್ದಕ್ಕೆ ಏನೋ ಹೇಳಿದಳು. ಇಡೀ ಬೀದಿ ಬಿದ್ದುಬಿದ್ದು ನಕ್ಕಿತು.

“ಏನಂದ್ಳೋ? ಏನಂದ್ಳೋ ಅವ್ಳು?”

ಫ್ಲೋರೆಂಸಿಯೊ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ. “ನಾನು ಹೇಳೋ ಹಾಗಿಲ್ಲ ಸಾರ್. ಕೋರ್ಟ್ ಆರ್ಡರ್.”