ಮೊಳೆಗೆ ತೂಗಿದ ಅಕ್ಕಿ ಚೀಲ

ಊರಿಗೆ ಹೊಸಬರು ಬಂದರೆ ಮೊದಲು ಕೆಲಸ ಸಿಗುವುದು ಊರವರ ನಾಲಿಗೆಗೆ. ದಕ್ಷಿಣ ಕೊರಿಯಾದ ಮುಖೋ ಬಂದರಿಗೆ ಚುನ್‌ಹ್ವಾ ಬಂದಾಗಲೂ ಹಾಗೇ ಆಯಿತು. ಗಡಿಯಾಚೆಯ ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು, ಚೀನಾ ಸುತ್ತಿ, ಒಂಬತ್ತು ವರ್ಷದ ಮಗಳು ಸೋಲ್‌ಮಿಯ ಕೈ ಹಿಡಿದು ಬಂದಿದ್ದಳು. ಗುಡ್ಡದ ಮೇಲಿನ ಚರ್ಚಿನವರು ಮನೆ ಹುಡುಕಿಕೊಟ್ಟರು, ಪಾತ್ರೆ ಹಾಸಿಗೆ ಹೊಂದಿಸಿದರು, ಒಂದು ಮೂಟೆ ಅಕ್ಕಿ ಇಳಿಸಿದರು. ಕೆಲಸ ಕೊಟ್ಟವಳು ಮಾಲ್‌ಜಾ.

ಮಾಲ್‌ಜಾಳಿಗೆ ಪೇಟೆಯಲ್ಲಿ ಕಿಮ್ಚಿ ಅಂಗಡಿ, ಅಂದರೆ ಎಲೆಕೋಸಿನ ಉಪ್ಪಿನಕಾಯಿಯದು. ಅರವತ್ತು ದಾಟಿದ ಹೆಂಗಸು. ಬಾಯಿ ಜೋರು, ಕೈ ಧಾರಾಳ. ಚರ್ಚಿನ ಅಕ್ಕಿಯ ಉಸ್ತುವಾರಿಯೂ ಅವಳದೇ. ಅಲ್ಲಿಯ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದು ಚೀಲಕ್ಕೆ ಹಾಕುತ್ತಾರೆ. ಭಾನುವಾರ ಆ ಚೀಲವನ್ನು ಚರ್ಚಿನ ಗೋಡೆಯಲ್ಲಿ ತಮ್ಮ ಹೆಸರಿನ ಮೊಳೆಗೆ ತೂಗುಹಾಕುತ್ತಾರೆ. ಆ ಅಕ್ಕಿ ಇಲ್ಲದವರ ಮನೆಗೆ ಹೋಗುತ್ತದೆ. ಚುನ್‌ಹ್ವಾಳಿಗೂ ಒಂದು ಚೀಲ, ಒಂದು ಮೊಳೆ ಕೊಟ್ಟರು. ಇವಳೂ ನಮ್ಮವಳಾಗಲಿ ಎಂಬ ಪ್ರೀತಿಯಿಂದಲೇ ಕೊಟ್ಟರು, ಪಾಪ.

ಮೊದಲ ಭಾನುವಾರವೇ ಚುನ್‌ಹ್ವಾಳ ಚೀಲ ಬಾಯಿಮಟ್ಟ ತುಂಬಿತ್ತು. ಎರಡನೆಯ ವಾರವೂ, ಮೂರನೆಯ ವಾರವೂ ಅಷ್ಟೇ. ಊರಿನವರ ಚೀಲಗಳೇ ಅರ್ಧಕ್ಕೆ ಜೋತು ಬಿದ್ದಿದ್ದವು. ಸಾಲದ್ದಕ್ಕೆ ಅಂಗಡಿಯಲ್ಲಿ ಕೊಡುವ ಮಧ್ಯಾಹ್ನದ ಊಟವನ್ನೂ ಅವಳು ತಿನ್ನದೆ ಡಬ್ಬಿಗೆ ತುಂಬಿಕೊಂಡು ಹೋಗುತ್ತಿದ್ದಳು. ಮಾಲ್‌ಜಾಳಿಗೆ ಅನುಮಾನ ಹುಟ್ಟಿತು. ಆರೋಗ್ಯ ಕೇಂದ್ರದ ನರ್ಸ್ ಓಕ್‌ಹಿ ಕಿಮ್ಚಿಗೆ ಬಂದಾಗ ಬಾಯಿಬಿಟ್ಟಳು. ಓಕ್‌ಹಿಯೂ ಹದಿನೈದು ವರ್ಷದ ಹಿಂದೆ ಉತ್ತರದಿಂದಲೇ ಬಂದವಳು.

"ಹೊಟ್ಟೆಗಿಲ್ಲದವಳು ಹೀಗೆ ಚೀಲ ತುಂಬ್ತಾಳೇನೇ? ಇದ್ದೂ ಇಲ್ಲ ಅನ್ನೋ ಪೈಕಿ. ಇವಳಿಗೆ ಕೊಡಬೇಕಿದ್ದ ಎರಡನೇ ಮೂಟೆ ಬೇರೆಯವರಿಗೆ ಕೊಡೋಣ."

"ಅವಳನ್ನ ಕೇಳಿದ್ರಾ ಅಕ್ಕಾ?"

"ಕೇಳೋದೇನು, ಚೀಲ ಕಾಣಲ್ವಾ?"

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕು," ಎಂದಳು ಓಕ್‌ಹಿ. ಮಾಲ್‌ಜಾ ಮೂಗು ಮುರಿದಳು.

ಸೋಮವಾರ ಎಲೆಕೋಸಿಗೆ ಉಪ್ಪು ಹಚ್ಚುತ್ತಿದ್ದ ಚುನ್‌ಹ್ವಾ ಕುಸಿದುಬಿದ್ದಳು. ಓಕ್‌ಹಿ ಓಡಿಬಂದು ನಾಡಿ ನೋಡಿ, ಹೊಟ್ಟೆಗೆ ಅನ್ನ ಬಿದ್ದು ಎರಡು ದಿನವಾಗಿರಬೇಕು ಎಂದಳು. ಕಣ್ಣು ಬಿಟ್ಟ ಚುನ್‌ಹ್ವಾ ನೀರು ಕೇಳಲಿಲ್ಲ. ಮಾಲ್‌ಜಾ ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆ ಹಿಡಿದುಕೊಂಡಳು.

"ಅಮ್ಮಾವ್ರೇ, ತಪ್ಪಾಯ್ತು. ಅಕ್ಕಿ ಮುಗೀತಾ ಬಂತು, ಈ ವಾರ ಚೀಲ ಅರ್ಧ ಆಗಬಹುದು. ಹೆಸರು ಮಾತ್ರ ಓದಬೇಡಿ."

ಮಾಲ್‌ಜಾಳಿಗೆ ತಲೆಬುಡ ಗೊತ್ತಾಗಲಿಲ್ಲ. ಓಕ್‌ಹಿಗೆ ಗೊತ್ತಾಯಿತು. ಅವರಿಬ್ಬರ ಹಳೆಯ ಊರಿನಲ್ಲಿ ಬೀದಿಯ ಮುಖ್ಯಸ್ಥೆ ಮನೆಮನೆಗೆ ಬಂದು ಸೈನ್ಯಕ್ಕೆಂದು ಅಕ್ಕಿ ಎತ್ತುತ್ತಿದ್ದಳು. ಕೊಡದವರ ಹೆಸರನ್ನು ಸಭೆಯಲ್ಲಿ ಓದುತ್ತಿದ್ದರು. ಒಮ್ಮೆ ಹೆಸರು ಓದಿದ ಮನೆಗೆ ಆಮೇಲೆ ನೆಮ್ಮದಿಯಿರಲಿಲ್ಲ.

"ಇಲ್ಲೂ ಹೆಸರು ಬರೆದು ಮೊಳೆ ಹೊಡೆದಿದ್ದಾರಲ್ಲ," ಎಂದಳು ಚುನ್‌ಹ್ವಾ ಮೆಲ್ಲಗೆ. "ಮೊಳೆ ಖಾಲಿಯಾದ್ರೆ ಮನೆ ಹೋಗುತ್ತೆ, ಕೆಲಸ ಹೋಗುತ್ತೆ ಅಂದ್ಕೊಂಡೆ. ಮಗೂನ ಕರ್ಕೊಂಡು ಇನ್ನೆಲ್ಲಿಗೆ ಹೋಗ್ಲಿ?"

ಮಾಲ್‌ಜಾಳಿಗೆ ಈಗ ಅರ್ಥವಾಯಿತು. ಚರ್ಚಿನವರು ಕೊಟ್ಟ ಅಕ್ಕಿಯನ್ನೇ ಇವಳು ಹೆದರಿ ಚರ್ಚಿಗೆ ಹೊತ್ತು, ತನ್ನ ಪಾಲಿನ ಊಟವನ್ನು ಮಗಳಿಗೆ ಒಯ್ದಿದ್ದಳು. ನಾಚಿಕೆಗೆ ಮಾಲ್‌ಜಾಳ ಕಣ್ಣಲ್ಲಿ ನೀರು ಬಂತು. "ಕೊಡದಿದ್ರೂ ನಡೆಯುತ್ತೆ ಅಂತ ಒಂದು ಮಾತು ನಾನು ಹೇಳಲಿಲ್ವಲ್ಲೇ, ತಾಯಿ," ಎಂದು ಬಿಸಿ ಗಂಜಿಯನ್ನು ತಾನೇ ಚಮಚದಲ್ಲಿ ಕುಡಿಸಿದಳು.

ಮುಂದಿನ ಭಾನುವಾರ ಗೋಡೆಯಲ್ಲಿ ಮೊಳೆಗಳೂ ಇಲ್ಲ, ಹೆಸರುಗಳೂ ಇಲ್ಲ. ಹಿಂಬಾಗಿಲ ಬಳಿ ಒಂದು ದೊಡ್ಡ ಮಣ್ಣಿನ ಜಾಡಿ, ಒಳಗೊಂದು ಬಟ್ಟಲು. ಹಾಕುವವರು ಹಾಕಿ, ಬೇಕಾದವರು ತಗೊಳ್ಳಿ ಎಂದು ಸಾರಿದ್ದಾಯಿತು. ಹಾಕಲು ಎಲ್ಲರೂ ಬಂದರು, ತೆಗೆಯಲು ಯಾರೂ ಬರಲಿಲ್ಲ. ಚುನ್‌ಹ್ವಾ ತಲೆ ತಗ್ಗಿಸಿ ನಿಂತಿದ್ದಳು. ಆಗ ಮಾಲ್‌ಜಾ ತಾನೇ ಹೋಗಿ ಎರಡು ಬಟ್ಟಲು ಅಕ್ಕಿ ತುಂಬಿಕೊಂಡಳು.

"ಅಂಗಡಿ ಇಟ್ಟವಳಿಗೆ ಏನು ಬಂತೇ ಬರಗಾಲ?" ಎಂದು ಮುದುಕಿಯೊಬ್ಬಳು ಕೆಣಕಿದಳು.

"ಮನೇಲಿ ಅಕ್ಕಿ ತೀರಿದೆ, ಏನೀಗ?"

ಅವಳ ಹಿಂದೆ ಇನ್ನಿಬ್ಬರು ಬಂದರು. ನಾಲ್ಕನೆಯವಳು ಚುನ್‌ಹ್ವಾ.

ಒಂದು ತಿಂಗಳ ಮೇಲೆ ಒಂದು ಭಾನುವಾರ ಚುನ್‌ಹ್ವಾ ಚರ್ಚಿಗೆ ಬರಲಿಲ್ಲ. ತಾಯಿ ಮಗಳು ಸಮುದ್ರದ ದಂಡೆಯಲ್ಲಿ ಅಲೆಗೆ ಕಾಲೊಡ್ಡಿ ಆಡುತ್ತಿದ್ದರೆಂದು ಮೀನು ಮಾರುವವರು ಹೇಳಿದರು. ಸೋಮವಾರ ಅವಳು ಅಂಗಡಿಗೆ ಬಂದು, ಚರ್ಚು ತಪ್ಪಿಸಿದ್ದಕ್ಕೆ ಏನನ್ನುತ್ತಾರೋ ಎಂದು ಕೋಸಿನ ಬುಟ್ಟಿಯ ಪಕ್ಕ ಮುಖ ಬಿಳಿಚಿಕೊಂಡು ನಿಂತಳು. ಏಕೆ ಬರಲಿಲ್ಲ ಎಂಬ ಪ್ರಶ್ನೆ ಮಾಲ್‌ಜಾಳ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು.

"ನೀರು ತಣ್ಣಗಿತ್ತೇನೇ, ಸೋಲ್‌ಮಿ ಅಮ್ಮಾ?"

ಚುನ್‌ಹ್ವಾ ಅವಳ ಮುಖವನ್ನೇ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ಅನುಮಾನವಿರಲಿಲ್ಲ.

"ತುಂಬ ತಣ್ಣಗಿತ್ತು, ಅಕ್ಕಾ."

ಆ ಮಧ್ಯಾಹ್ನ ಅವಳು ಅಂಗಡಿಯಲ್ಲೇ ಕೂತು ಹೊಟ್ಟೆತುಂಬ ಉಂಡಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೆಲೆ ಕಳೆದುಕೊಂಡವರು ನಿಮ್ಮ ಬೀದಿಗೂ ಬರಬಹುದು. ಅನ್ನ ಕೊಡಿ, ಕೆಲಸ ಕೊಡಿ, ಅವರ ಮಕ್ಕಳನ್ನು ಶಾಲೆಗೆ ಸೇರಿಸಿ. ಅವರು ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಹತ್ತಿರ ಕೂತು ಕೇಳಿ. ನಿಮ್ಮ ದೇವರ ಮನೆಗೆ ಬರಲಿ ಬಿಡಲಿ, ಕೊಟ್ಟದ್ದನ್ನು ಆಡಿ ತೋರಿಸಬೇಡಿ. ಕೊಡುವ ಮೊದಲ ದಿನವೇ ಈ ಮಾತನ್ನೂ ಕೊಟ್ಟುಬಿಡಿ: "ನೀವು ಏನೂ ತಿರುಗಿ ಕೊಡಬೇಕಾಗಿಲ್ಲ. ಈ ಮನೆ ಎಲ್ಲಿಗೂ ಹೋಗೋದಿಲ್ಲ."