ದುರುಗಣ್ಣನ ಬೇರು

ಗಂಡನ ನೋವು ಅಷ್ಟು ಬೇಗ ಇಳಿದದ್ದೇ ಸಾವಂತ್ರಮ್ಮನಿಗೆ ಅನುಮಾನ ತಂದದ್ದು. ಇಂಥ ಹೆಂಡತಿಯೂ ಇರ್ತಾಳಾ ಎಂದು ಹೊನ್ನಾಳಿಯ ಓಣಿ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಗಂಟೇನು ಹೋಗಬೇಕು? ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಯಲ್ಲಿ, ಗಂಡ ಮುರುಗೇಶಪ್ಪನ ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರ್ ಎಂದು ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು. ಕರೆಂಟು ಕೊಟ್ಟು ಸುಡಬೇಕು, ತಡಮಾಡಿದರೆ ಕೈಮೀರುತ್ತದೆ ಎಂದಿದ್ದರು. ಅವನೋ ನ್ಯಾಮತಿಯ ನಾಟಿ ವೈದ್ಯ ದುರುಗಣ್ಣನಿಗೆ ಗಂಟುಬಿದ್ದ.

ದುರುಗಣ್ಣ ಕಟ್ಟಪ್ಪಣೆ ಮಾಡಿದ್ದ: ಬೇರಿನ ಹೆಸರು ಕೇಳಬಾರದು, ಇಂಗ್ಲಿಷ್ ಔಷಧಿ ಮುಟ್ಟಬಾರದು. ಆಸ್ಪತ್ರೆಯವರು ಕೊಟ್ಟ ನೋವಿನ ಮಾತ್ರೆಗಳನ್ನು ಮುರುಗೇಶಪ್ಪ ಅಂದೇ ಬಿಟ್ಟ. ಅವನ ತಾಯಿ ಉಚ್ಚಂಗೆಮ್ಮ ದಿನಾ ಬೆಳಗ್ಗೆ ಮಡಿಯುಟ್ಟು, ಅಡುಗೆಮನೆ ಬಾಗಿಲು ಹಾಕಿಕೊಂಡು, ಬೇರನ್ನು ಹಾಲಿನಲ್ಲಿ ತೇಯುತ್ತಿದ್ದರು. ಮೊದಮೊದಲು ಅವನು ಗೋಡೆ ಗುದ್ದಿಕೊಂಡು ನರಳಿದ. ಆಮೇಲೆ ಇದ್ದಕ್ಕಿದ್ದಂತೆ ನಿದ್ದೆ ಬಂತು, ಗಂಜಿ ಸೇರಿತು.

"ಗುಣ ಆಗಾಕೆ ಹತ್ತೈತೆ. ಇನ್ನು ಆಸ್ಪತ್ರೆ ಮಾತು ಎತ್ತಬ್ಯಾಡ" ಎಂದ.

ಹುಣ್ಣು ಮಾತ್ರ ಅಗಲವಾಗುತ್ತಲೇ ಇತ್ತು. ಆ ವೈದ್ಯ ಏನೋ ಮದ್ದು ಬೆರೆಸಿ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ ಎಂದುಕೊಂಡು ಸಾವಂತ್ರಮ್ಮ ಬಸ್ಸು ಹತ್ತಿ ನ್ಯಾಮತಿಗೆ ಹೋದಳು.

"ದುರುಗಣ್ಣ, ಬೇರಿಗೆ ಏನ್ ಬೆರೆಸಿ ಕೊಡ್ತೀರಿ?"

ಅವನು ಸಿಟ್ಟಾಗಲಿಲ್ಲ. "ಏನೂ ಇಲ್ಲ ಕಣವ್ವ. ನನ್ನ ಬೇರು ಇಷ್ಟು ಜಲ್ದಿ ನೋವು ಇಳಿಸಿದ್ದು ನಾನೂ ಕಂಡಿಲ್ಲ" ಎಂದ.

ಹಾಗಾದರೆ ಮನೆಯಲ್ಲೇ ಏನೋ ನಡೆದಿದೆ. ಮರುದಿನ ಬೆಳಗ್ಗೆ ಅವಳು ಅಡುಗೆಮನೆ ಬಾಗಿಲು ದೂಡಿಯೇ ಬಿಟ್ಟಳು. ಮಡಿಗೆ ಬೆಂಕಿ ಬೀಳಲಿ. ಅತ್ತೆ ಕಲ್ಲಿನ ಮೇಲೆ ಬೇರಿನ ಜೊತೆ ಅರೆಯುತ್ತಿದ್ದದ್ದು ಆಸ್ಪತ್ರೆಯ ಬಿಳಿ ಮಾತ್ರೆ.

"ಅವನು ನರಳೋದು ನೋಡಾಕೆ ಆಗ್ಲಿಲ್ಲ ಕಣೇ" ಎಂದರು ಉಚ್ಚಂಗೆಮ್ಮ. "ಮಾತ್ರೆ ಅಂದ್ರೆ ಮುಟ್ಟಲ್ಲ, ಬೇರು ಅಂದ್ರೆ ಕುಡೀತಾನೆ. ಹೇಳಬ್ಯಾಡ ಅವನಿಗೆ."

"ನೋವು ಹೋತು ಅಂತ್ಲೇ ಅವರು ಆಸ್ಪತ್ರೆಗೆ ಬರಲ್ಲ ಅಂತಿರೋದು, ಅತ್ತೆ."

ಸಾವಂತ್ರಮ್ಮನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಅತ್ತೆಯ ಕೈ ಹಿಡಿದು ಜಗುಲಿಗೆ ಕರೆತಂದಳು. ಎಳೆಬಿಸಿಲಿಗೆ ಕೂತಿದ್ದ ಗಂಡನಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು.

ಮುರುಗೇಶಪ್ಪ ಹೆಂಡತಿಯ ಮೇಲೆ ರೇಗಲಿಲ್ಲ. ಕೆನ್ನೆ ಮುಟ್ಟಿಕೊಂಡು ತಾಯಿಯನ್ನೇ ನೋಡಿದ.

"ಹಂಗಾದ್ರೆ ನನಗೆ ಗುಣ ಆಗಿಲ್ಲೇನವ್ವಾ?"

ಉಚ್ಚಂಗೆಮ್ಮ "ಇಲ್ಲಪ್ಪ" ಎಂದರು.

ಅವನು ಜಗುಲಿಯಿಂದ ಎದ್ದು, ದಾವಣಗೆರೆ ಬಸ್ಸು ಎಷ್ಟೊತ್ತಿಗೆ ಐತೆ ಎಂದು ಹೆಂಡತಿಯನ್ನು ಕೇಳಿದ.