ಊದದೆ ಬಿಟ್ಟ ಸ್ವರಗಳು

ಅಣ್ಣ ಎಲ್ವುಡ್ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನತೊಡಗಿ ಹತ್ತು ದಿನವಾಗಿತ್ತು.

"ನೋಡೇ, ನಿಮ್ಮಣ್ಣಂಗೆ ಈಗ ಟೆಕ್ಸಾಸ್ ಅಜ್ಜಿಯ ಊಟ ನೆನಪಾಗ್ತಿದೆ," ಎಂದು ಅಮ್ಮ ಹಿಗ್ಗಿದಳು.

ನಿಜ ಗೊತ್ತಿದ್ದುದು ನನಗೊಬ್ಬಳಿಗೇ. ಅಣ್ಣನ ಸ್ಯಾಕ್ಸೊಫೋನಿನ ರೀಡನ್ನು, ತುಟಿಗೆ ತಾಗುವ ಆ ತೆಳ್ಳನೆಯ ಬೆತ್ತದ ಸೀಳನ್ನು, ತೊಳೆದಿಡುವುದು ಚಿಕ್ಕಂದಿನಿಂದ ನನ್ನ ಕೆಲಸ. ತೊಳೆಯುವ ಲೋಟದ ನೀರು ಈಚೆಗೆ ದಿನವೂ ಕೆಂಪಾಗುತ್ತಿತ್ತು. ಅದನ್ನು ಮೊದಲು ದಿನಚರಿಯಲ್ಲಿ ಬರೆದೆ, ಆಮೇಲೆ ಧೈರ್ಯ ಮಾಡಿ ಅಣ್ಣನಿಗೆ ಹೇಳಿದೆ. ಶನಿವಾರ ಅವನನ್ನು ವೈನ್ ಬೀದಿಯ ಹಲ್ಲಿನ ಡಾಕ್ಟರ್ ಬ್ಯಾಸ್ಕಮ್ ಅವರಲ್ಲಿಗೆ ಎಳೆದೊಯ್ದೆ.

"ಕೀವು ದವಡೆ ಮೂಳೆಗೆ ಇಳೀತಿದೆ. ಕೆಳಗಿನ ನಾಲ್ಕು ಹಲ್ಲು ಕೀಳಲೇಬೇಕು," ಎಂದರು ಡಾಕ್ಟರು. "ತಡ ಮಾಡಿದ್ರೆ ರಕ್ತಕ್ಕೆ ಸೇರುತ್ತೆ. ಆಮೇಲೆ ಪೆಟ್ಟಿಗೆ ಸೇರೋದು ನಿನ್ನ ವಾದ್ಯ ಅಲ್ಲ ಮಗನೇ, ನೀನು."

"ಕಿತ್ತ ಮೇಲೆ ಊದಬೋದಾ?"

"ಕಟ್ಟಿದ ಹಲ್ಲಲ್ಲಿ ಹೊಸದಾಗಿ ಕಲೀಬೇಕು. ಈಗಿನ ನಾದ ಮಾತ್ರ ಬರಲ್ಲ."

ಮಂಗಳವಾರ ಹತ್ತು ಗಂಟೆಗೆ ಬರುತ್ತೇನೆಂದು ಅಣ್ಣ ಒಪ್ಪಿದ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದ. "ಸೋಮವಾರ ಒಂದು ಮುಗೀಲಿ, ಬೀನಾ. ಅಮ್ಮಂಗೆ ಹೇಳಬೇಡ."

ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಕಾನ್ಸಾಸ್ ಸಿಟಿಯಲ್ಲಿ ವಾದ್ಯದವರೂ ಅಡುಗೆಯವರೂ ಒಂದೆಡೆ ಸೇರಿ ತಿಂಡಿ ತಿಂದು ಕುಣಿಯುತ್ತಾರೆ. ಆ ದಿನ ನ್ಯೂಯಾರ್ಕಿನ ವಾದ್ಯತಂಡದ ಯಜಮಾನ ಪ್ರೆಂಟಿಸ್ ಕೋಲ್ ಬರುವವನಿದ್ದ. ಅವನಿಗೆ ಬೇಕಾಗಿದ್ದುದು ಒಬ್ಬನೇ ಸ್ಯಾಕ್ಸೊಫೋನಿನವನು. ಅಣ್ಣನ ಎದುರಾಳಿ ಸೇಂಟ್ ಲೂಯಿಯ ಮೋಸ್ ಗ್ಯಾಡಿ. ನಮ್ಮಲ್ಲಿ ತೀರ್ಪು ಹೇಳುವವರಿಲ್ಲ. ಇಬ್ಬರೂ ಎದುರುಬದುರು ನಿಂತು ಊದುತ್ತಾರೆ, ಸೋತೆ ಅನ್ನಿಸಿದವನು ತಾನಾಗಿಯೇ ವಾದ್ಯವನ್ನು ಪೆಟ್ಟಿಗೆಗಿಟ್ಟು ಮುಚ್ಚುತ್ತಾನೆ.

ಮೋಸ್ ಗೂಡ್ಸ್ ರೈಲಿನಂತೆ ಊದಿದ. ಅಣ್ಣನೂ ಮೊದಲು ಹಾಗೆಯೇ ಊದುತ್ತಿದ್ದವನು. ಆ ದಿನ ಕೆಳಹಲ್ಲಿನ ಮೇಲೆ ಸಿಗರೇಟಿನ ಕಾಗದ ಮಡಿಸಿಟ್ಟುಕೊಂಡು ಮೆಲ್ಲನೆ ಎರಡು ಸ್ವರ ನುಡಿಸಿದ. ನಿಲ್ಲಿಸಿದ. ಮತ್ತೆ ಮೂರು. ಮತ್ತೆ ನಿಲ್ಲಿಸಿದ.

"ಏನೋ ಎಲ್ವುಡ್, ಪೆಟ್ರೋಲ್ ಮುಗೀತಾ? ತಳ್ಳಬೇಕೇನೋ?" ಯಾರೋ ಕೂಗಿದರು.

"ಮುಚ್ಚೋ ಗೂಬೆ!" ಹಂದಿಕಾಲಿನ ಸಾರು ಬಡಿಸುತ್ತಿದ್ದ ಮಿಸ್ ಜೆರೂಷಾ ಸೌಟು ಎತ್ತಿದಳು. "ಅವ್ನು ಊದದೆ ಬಿಡ್ತಿರೋದನ್ನ ಕೇಳಿಸ್ಕೋ!"

ಜನ ಕೇಳಿಸಿಕೊಂಡರು. ಒಂದೊಂದು ಮೌನಕ್ಕೂ ಉಸಿರು ಬಿಗಿಹಿಡಿದರು, ಸ್ವರ ಮರಳಿದಾಗ ಅಬ್ಬಾ ಎಂದು ಮೇಜು ಗುದ್ದಿದರು. ನನಗೆ ಕಂಡದ್ದು ಅವನ ಗಂಟಲು ಮಾತ್ರ. ಪ್ರತಿ ಸಲ ನಿಲ್ಲಿಸಿದಾಗಲೂ ಅದು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅವನು ರಕ್ತ ನುಂಗುತ್ತಿದ್ದ.

ಕೊನೆಗೆ ಮೋಸ್ ಪೆಟ್ಟಿಗೆ ಮುಚ್ಚಿದ.

ಹಲ್ಲಿನ ವಿಷಯ ಹೇಳಿಬಿಡಬೇಕೆಂದು ಎದ್ದೆ. ಕೋಲ್ ತಾನಾಗಿಯೇ ನನ್ನ ಮೇಜಿನ ಬಳಿ ಬಂದ.

"ನೀನು ಅವನ ತಂಗೀನಾ? ಕಾಲೇಜು ಮುಗಿಸಿದೋಳು ಅಂತ ಅವನ ಬಾಯಲ್ಲಿ ಬರೀ ನಿಂದೇ ಮಾತು. ಹೇಳಮ್ಮ, ಇವ್ನು ಹೀಗೆ ನಿಲ್ಲಿಸೋದನ್ನ ಎಲ್ಲಿ ಕಲ್ತ? ನಂಗೆ ಬೇಕಾಗಿರೋದು ಅದೇ. ದಿನಾ ಹಿಂಗೇ ಊದಬೇಕು."

ಅವನ ಭುಜದಾಚೆ ಅಣ್ಣ ಕರವಸ್ತ್ರದಿಂದ ಬಾಯಿ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ಅಷ್ಟು ಸಂತೋಷ ಅವನ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ. ಇಡೀ ಕೋಣೆ ನನ್ನ ಮಾತಿಗೆ ಕಾದಿತ್ತು.

"ನಮ್ಮನೇಲಿ ಎಲ್ರೂ ಮಾತು ಕಡಿಮೆ, ಸರ್," ಎಂದೆ.

ಕೋಲ್ ಗಹಗಹಿಸಿ ನಕ್ಕ. ಮಧ್ಯಾಹ್ನ ಒಂದು ಗಂಟೆಗೆ ಅವನ ತಂಡದ ಬಸ್ಸು ನ್ಯೂಯಾರ್ಕಿಗೆ ಹೊರಟಿತು. ಅಣ್ಣ ಬಾಯಿ ಮುಚ್ಚಿಕೊಂಡೇ ನಗುತ್ತ ಕಿಟಕಿಯಿಂದ ಕೈ ಬೀಸಿದ.

ಮಂಗಳವಾರ ಹತ್ತು ಗಂಟೆಗೆ ನಾನು ಬ್ಯಾಸ್ಕಮ್ ಅವರ ಹೊರಕೋಣೆಯಲ್ಲಿ ಕುಳಿತಿದ್ದೆ. ನರ್ಸು ಎಲ್ವುಡ್ ಟಿಬ್ಸ್ ಎಂದು ಮೂರು ಸಲ ಕರೆದಳು. ನಾನು ಏಳಲಿಲ್ಲ. ಕಿಟಕಿಯಾಚೆ ಎದುರುಮನೆಯಲ್ಲಿ ಯಾರೋ ಅಣ್ಣನ ಹಿಂದಿನ ದಿನದ ಸ್ವರಗಳನ್ನೇ ಸ್ಯಾಕ್ಸೊಫೋನಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಎರಡು ಸ್ವರ ಊದಿ ನಿಲ್ಲಿಸಿದರು. ಸರಿಯಾಗಿ ಅಣ್ಣ ಒಂದು ಸಲ ನುಂಗುವಷ್ಟೇ ಹೊತ್ತು.